ಲೇಬಲ್ ‘ಮಾಡಿಯೇ’, ಹೂ ಬೇರೆಯೇ – ಈ ಚಪ್ಪಲಿ ಆರ್ಕಿಡ್ ಯಾವ್ದು ಅಂತ ಯಾರಾದ್ರೂ ಹೇಳ್ತೀರಾ?

ಶಿರಸಿ ಹಿತ್ತಿಲು:

ಎಲ್ರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ ಒಬ್ರ ಹತ್ರ ಸ್ಲಿಪ್ಪರ್ ಆರ್ಕಿಡ್ ಎರಡು ತರಿಸಿದ್ದೆ. ಒಂದಕ್ಕೆ ‘ಪ್ಯಾಫ್ ಮಾಡಿಯೇ’ ಅಂತ ಲೇಬಲ್ ಇತ್ತು (ಪ್ಯಾಫ್ ಅಂದ್ರೆ ಪ್ಯಾಫಿಯೋಪೆಡಿಲಮ್, ಈ ಚಪ್ಪಲಿ ಆರ್ಕಿಡ್‌ಗಳ ಕುಲದ ಹೆಸರು; ಮಾಡಿಯೇ ಅದರಲ್ಲೊಂದು ಹೈಬ್ರಿಡ್). ಅವ್ರು ವಾಟ್ಸಾಪಲ್ಲಿ ಕಳಿಸಿದ ಫೋಟೋದಲ್ಲಿ ಹೂ ಬಿಳಿ ಮೇಲೆ ಹಸಿರು ಗೆರೆ ಗೆರೆ, ಒಳ್ಳೆ ಇಸ್ತ್ರಿ ಮಾಡಿದ ಶರ್ಟ್ ಇದ್ದಂಗಿತ್ತು, ಅದನ್ನ ನೋಡಿ ಮರುಳಾಗೇ ತಗೊಂಡಿದ್ದು. ಮೂರು ಮಳೆಗಾಲ ಬಸವನಹುಳು ಕಾಟದಿಂದ ಉಳಿಸಿ, ಕೊಳೆ ಬರ್ದಂಗೆ ನೋಡ್ಕೊಂಡು, ಎರಡು ಸಲ ಕುಂಡ ಬದಲಿಸಿ, ಕೊನೆಗೂ ಈ ನವೆಂಬರಲ್ಲಿ ಮೊಗ್ಗು ಕಾಣಿಸ್ತು. ಮೊನ್ನೆ ಅರಳ್ತು. ಗೆರೆ ಹೂವಲ್ಲ!

ಹೂ ಹೀಗಿದೆ. ತಲೆ ಮೇಲೆ ನೆಟ್ಟಗೆ ನಿಂತಿರೋ ಅಗಲದ ಎಸಳು (ಅದಕ್ಕೇನೋ ಹೆಸರಿದೆ, ಮರೆತೆ) ಮೇಲರ್ಧ ಬೆಳ್ಳಗಿದೆ, ಬುಡದಲ್ಲಿ ಹಸಿರು, ನಟ್ಟನಡುವೆ ಕೆಳಗಿಂದ ಮೇಲಕ್ಕೆ ಒಂದು ನೇರಳೆ ಗೆರೆ, ಆ ಗೆರೆಯ ಆಚೆ ಈಚೆ ಸಣ್ಣ ಸಣ್ಣ ಕೆಂಪು-ನೇರಳೆ ಚುಕ್ಕೆ. ಅಕ್ಕಪಕ್ಕದ ಎರಡು ಎಸಳು ಹಳದಿ-ಕಂದು, ಅಂಚು ಸ್ವಲ್ಪ ಅಲೆಅಲೆ, ಚಪ್ಪಲಿ ಭಾಗ ಕಂದುಹಸಿರು, ವಾರ್ನಿಶ್ ಹೊಡೆದಂಗೆ ಮಿಂಚುತ್ತೆ. ಎಲೆ ಉದ್ದಕ್ಕೆ, ಬರೀ ಹಸಿರು. ಚೆನ್ನಾಗಿಲ್ಲ ಅಂತಲ್ಲ, ಚೆನ್ನಾಗೇ ಇದೆ, ಆದ್ರೆ ನಾನು ಕಾದಿದ್ದು ಇದಕ್ಕಲ್ಲ. ನಮ್ಮೆಜಮಾನ್ರು ಹೂ ನೋಡಿ ‘ಮಾಡಿಯೇ ಅಂತ ಅವನು ಮೊದ್ಲೇ ಬರೆದಿದ್ನಲ್ಲ, ಮೋಸ ಮಾಡಿಯೇ ಬಿಟ್ಟ’ ಅಂತ ಎರಡು ದಿನದಿಂದ ಅದೇ ಜೋಕು ಹೇಳ್ತಾ ಓಡಾಡ್ತಿದಾರೆ. ಲೇಬಲ್ ತಪ್ಪು ಅಂತ ನಂಗೆ ಖಾತ್ರಿಯಾಗಿದೆ, ಸರಿಯಾದ ಹೆಸರು ಏನು ಅಂತ ಹೂ ನೋಡಿ ಹೇಳೋಕಾಗುತ್ತಾ?

ಬಾಲ್ಕನಿ ತೋಟ, ಬೆಂಗ್ಳೂರು:

ಅಕ್ಕ, ಮಾಡಿಯೇ ಅಂತೂ ಖಂಡಿತ ಅಲ್ಲ, ಅದನ್ನ ಹೇಳೋಕೆ ಹೂವೇ ಬೇಡ. ಅದರ ಅಪ್ಪ-ಅಮ್ಮ ಕ್ಯಾಲೋಸಮ್ ಮತ್ತು ಲಾರೆನ್ಸಿಯಾನಮ್, ಎರಡರ ಎಲೆ ಮೇಲೂ ಗಾಢ-ತಿಳಿ ಹಸಿರು ಮಚ್ಚೆ ಇರುತ್ತೆ, ಹಂಗಾಗಿ ಮರಿಗೂ ಬಂದೇ ಬರುತ್ತೆ. ಬರೀ ಹಸಿರು ಎಲೆಯ ಗಿಡಕ್ಕೆ ಆ ಹೆಸರು ಅಂಟಿಸಿದ್ದಾರೆ ಅಂದ್ರೆ ಮಾರಿದವ್ರು ಗಿಡದ ಮುಖಾನೇ ನೋಡಿಲ್ಲ. ಇನ್ನೊಂದು, ಮಾಡಿಯೇಲಿ ಗೆರೆಗಳು ಬುಡದಿಂದ ಬೀಸಣಿಗೆ ಥರ ಹರಡಿರ್ತವೆ, ಒಂದಲ್ಲ, ಹತ್ತಾರು. ನಿಮ್ದ್ರಲ್ಲಿ ಇರೋದು ಒಂದೇ ನಡುಗೆರೆ. ಕಲರ್ ಇರೋ ಮಾಡಿಯೇ ಆದ್ರೆ ಪಕ್ಕದ ಎಸಳಿನ ಅಂಚಲ್ಲಿ ಕಪ್ಪು ನರೂಲಿ ಥರ ಗುಳ್ಳೆ ಕೂಡ ಇರ್ತವೆ, ಕೆಲವಕ್ಕೆ ಅದ್ರ ಮೇಲೆ ಕೂದಲು ಬೇರೆ.

ನಿಮ್ದು ಇನ್ಸಿಗ್ನೆ ಅನ್ನೋ ಇನ್ನೊಂದು ಪ್ಯಾಫ್ ಅನ್ಸುತ್ತೆ. ಚುಕ್ಕೆ ಇದೆ, ಮಿಂಚು ಇದೆ, ಚಳಿಗಾಲದಲ್ಲಿ ಬಿಟ್ಟಿದೆ. ಮುಗೀತು.

ಕಾಫಿ ನೆರಳು, ಮಡಿಕೇರಿ:

ಮುಗೀಲಿಲ್ಲ ಮಾರಾಯ್ರೇ. ಮಾಡಿಯೇ ಅಲ್ಲ ಅನ್ನೋವರೆಗೆ ಒಪ್ತೇನೆ, ಇನ್ಸಿಗ್ನೆ ಅಂದಲ್ಲಿ ಅವಸರ ಆಯ್ತು.

ಇನ್ಸಿಗ್ನೆ ಮೇಘಾಲಯದ ಖಾಸಿ ಬೆಟ್ಟದ ಕಡೆಯದು. ಅದರ ಡಾರ್ಸಲ್ ಅಂದ್ರೆ ಮೇಡಂ ಹೇಳಿದ ಆ ತಲೆ ಮೇಲಿನ ಎಸಳು, ಹಸಿರು-ಹಳದಿ ಮೇಲೆ ದಪ್ಪ ಕಂದು ಚುಕ್ಕೆ, ಬಿಳಿ ಏನಿದ್ರೂ ತುದಿ ಮತ್ತೆ ಅಂಚಿಗೆ ಸೀಮಿತ. ಅರ್ಧಕ್ಕರ್ಧ ಬಿಳಿ, ನಡುವೆ ಎದ್ದು ಕಾಣೋ ನೇರಳೆ ಗೆರೆ, ಇದು ಇನ್ಸಿಗ್ನೆಯ ಸ್ವಭಾವ ಅಲ್ಲ. ಆ ಗೆರೆ ಸ್ಪೈಸಿರಿಯಾನಮ್ ಮನೆತನದ್ದು. ಅದು ಅಸ್ಸಾಂ, ಮಿಜೋರಾಂ ಕಡೆಯ ಗಿಡ, ಅದರ ಬಿಳಿ ಡಾರ್ಸಲ್ಲು, ನೇರಳೆ ನಡುಗೆರೆ ಹೈಬ್ರಿಡ್ ಮಾಡಿದ್ರೆ ಮಕ್ಕಳು ಮೊಮ್ಮಕ್ಕಳವರೆಗೂ ಬರ್ತಾ ಹೋಗುತ್ತೆ, ಮನೆತನದ ಮೂಗಿನ ಥರ.

ಮೇಡಂ, ಈಗ ನೀವು ನಾಲ್ಕು ಸಂಗತಿ ನೋಡಿ ಹೇಳ್ಬೇಕು. ಡಾರ್ಸಲ್‌ನ ಅಂಚು ಬುಡದ ಹತ್ರ ಹಿಂದಕ್ಕೆ ಮಡಚಿದೆಯಾ, ಗಾಳಿಗೆ ಕೊಡೆ ಹಿಂದಕ್ಕೆ ಹೋಗ್ತದಲ್ಲ ಹಾಗೆ? ಪಕ್ಕದ ಎಸಳಲ್ಲಿ ನಡುಗೆರೆಯ ಮೇಲಿನ ಅರ್ಧ, ಕೆಳಗಿನ ಅರ್ಧ ಒಂದೇ ಬಣ್ಣವಾ ಅಥವಾ ಬೇರೆ ಬೇರೆಯಾ? ಹೂವಿನ ಕಡ್ಡಿ ಮೇಲೆ ಕೂದಲು ಎಷ್ಟುದ್ದ? ರಾತ್ರಿ ಲೈಟ್ ಆಫ್ ಮಾಡಿ ಕಡ್ಡಿ ಹಿಂದೆ ಟಾರ್ಚ್ ಹಿಡಿದ್ರೆ ಚೆನ್ನಾಗಿ ಕಾಣ್ತದೆ. ಕೊನೇದು ಮುಖ್ಯ, ಹೂವಿನ ಮಧ್ಯದಲ್ಲಿ, ಚಪ್ಪಲಿಯ ಬಾಯಿ ಮೇಲೆ, ಗುರಾಣಿ ಥರ ಒಂದು ಸಣ್ಣ ತಟ್ಟೆ ಇರ್ತದೆ, ಸ್ಟ್ಯಾಮಿನೋಡ್ ಅಂತ. ಅದರ ಫೋಟೋ ತೀರಾ ಹತ್ತಿರದಿಂದ ಬೇಕು. ಬಣ್ಣ ಬಿಸಿಲು ನೆರಳಿಗೆ ಹೆಚ್ಚು ಕಮ್ಮಿ ಆಗ್ತದೆ, ಮೊಬೈಲ್ ಕ್ಯಾಮರಾ ಅಂತೂ ನೇರಳೆಯನ್ನ ನೀಲಿ ಮಾಡಿ ಕೂರಿಸ್ತದೆ, ಆದ್ರೆ ಈ ತಟ್ಟೆಯ ಆಕಾರ ಅಷ್ಟು ಸುಲಭಕ್ಕೆ ಸುಳ್ಳು ಹೇಳೋದಿಲ್ಲ.

ಎಲೆ ಅಡಿಯಲ್ಲಿ ಬುಡದ ಹತ್ರ ನೇರಳೆ ಚುಕ್ಕೆ ಇದೆಯಾ ಅಂತ ಯಾರಾದ್ರೂ ಕೇಳ್ತಾರೆ, ಅದಕ್ಕೆ ತಲೆ ಕೆಡಿಸ್ಕೊಬೇಡಿ. ಇನ್ಸಿಗ್ನೆ, ಸ್ಪೈಸಿರಿಯಾನಮ್, ವಿಲ್ಲೋಸಮ್ ಮೂರಕ್ಕೂ ಅಲ್ಲಿ ಚುಕ್ಕೆ ಬರ್ತದೆ.

ಹೊಸಬ, ಪುತ್ತೂರು:

ಮಧ್ಯ ಬಾಯಿ ಹಾಕ್ತಿದ್ದೇನೆ, ಬೈಬೇಡಿ. ನಮ್ಮ ದಕ್ಷಿಣದ ಕಾಡಲ್ಲೂ ಒಂದು ಚಪ್ಪಲಿ ಆರ್ಕಿಡ್ ಉಂಟು ಅಂತ ಕೇಳಿದ್ದೆ, ಅದೇ ಆಗಿರ್ಬಹುದಾ ಇದು? ನಮ್ಮ ಅಜ್ಜಿ ಮನೆ ಹಲಸಿನ ಮರದಲ್ಲಿ ಸೀತಾಳೆ ದಂಡೆ ರಾಶಿ ಇದೆ, ಆದ್ರೆ ಚಪ್ಪಲಿ ಥರದ್ದು ನೋಡಿದ್ದೇ ಇಲ್ಲ.

ಕಾಫಿ ನೆರಳು, ಮಡಿಕೇರಿ:

ನೋಡಿರೋಕೆ ಸಾಧ್ಯ ಇಲ್ಲ, ಕರ್ನಾಟಕದ ಕಾಡಲ್ಲಿ ಅದು ಇಲ್ಲ. ನೀವು ಕೇಳಿದ್ದು ಡ್ರೂರಿಯೈ, ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆಯದ್ದು. 1865ರಲ್ಲಿ ಕರ್ನಲ್ ಡ್ರೂರಿ ಕಣ್ಣಿಗೆ ಬಿತ್ತು, ಆಮೇಲೆ ಜನ ಕಿತ್ತು ಕಿತ್ತು ಕಾಡಲ್ಲಿ ಕಾಣೋದೇ ಅಪರೂಪ ಆಯ್ತು. ಅದರ ಹೂ ಪೂರ್ತಿ ಹಳದಿ, ಡಾರ್ಸಲ್ಲಿಗೂ ಪಕ್ಕದ ಎಸಳಿಗೂ ನಡುವೆ ದಪ್ಪ ಕಂದು ಪಟ್ಟೆ, ಬಿಳಿ ಇಲ್ಲವೇ ಇಲ್ಲ. ಯಾರಾದ್ರೂ ‘ಕಾಡಿಂದ ತಂದದ್ದು’ ಅಂತ ಚಪ್ಪಲಿ ಆರ್ಕಿಡ್ ಮಾರಕ್ಕೆ ಬಂದ್ರೆ ಹೆಸರು ಕೇಳೋಕೂ ಹೋಗ್ಬೇಡಿ, ವಾಪಸ್ ಕಳಿಸಿ. ಪ್ಯಾಫ್ ಜಾತಿ ಪೂರ್ತಿ ಸೈಟಿಸ್‌ನ (ಅಪರೂಪದ ಗಿಡ-ಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಮೊದಲನೇ ಪಟ್ಟಿಲಿದೆ, ನಮ್ಮ ವನ್ಯಜೀವಿ ಕಾಯ್ದೆಲೂ ಇದೆ.

ಶಿರಸಿ ಹಿತ್ತಿಲು:

ಸರ್, ನೀವು ಹೇಳಿದ್ದೆಲ್ಲ ಮಾಡಿದೆ. ನಿನ್ನೆ ರಾತ್ರಿ ಊಟ ಆದ್ಮೇಲೆ ಅಡುಗೆಮನೆ ಲೈಟ್ ಆರಿಸಿ ಟಾರ್ಚ್ ಹಿಡಿದು ಕೂತಿದ್ದೆ, ಮಗಳು ಫೋನ್ ಹಿಡ್ಕೊಂಡಿದ್ಲು, ಅತ್ತೆ ಬಂದು ‘ಏನು, ಹಾವು ಬಂತಾ’ ಅಂದ್ರು.

ಕೂದಲು ಇದೆ, ಆದ್ರೆ ಗಿಡ್ಡ. ಕಡ್ಡಿ ಸುತ್ತ ಬೆಳಕಲ್ಲಿ ಪೀಚ್ ಹಣ್ಣಿನ ಸಿಪ್ಪೆ ಮೇಲಿನ ನವಿರಿನ ಥರ ಕಾಣುತ್ತೆ, ಬೆರಳಿಗೆ ಸಿಗಲ್ಲ. ಡಾರ್ಸಲ್ ಬುಡದಲ್ಲಿ ಎರಡೂ ಕಡೆ ಹಿಂದಕ್ಕೆ ಮಡಚಿದೆ, ಕೊಡೆಯಷ್ಟು ಜೋರಾಗಲ್ಲ, ಆದ್ರೆ ಹಿಂದಿಂದ ನೋಡಿದ್ರೆ ಗೊತ್ತಾಗುತ್ತೆ. ತುದಿ ಮಾತ್ರ ಚಪ್ಪಟೆ. ಮಗಳ ಕಂಪಾಸ್ ಬಾಕ್ಸ್ ಸ್ಕೇಲಲ್ಲಿ ಅಳೆದೆ, ಈ ಪಕ್ಕದೆಸಳ ತುದಿಯಿಂದ ಆ ತುದಿಗೆ ಒಂಬತ್ತೂವರೆ ಸೆಂಟಿಮೀಟರ್. ಎಸಳಿನ ಬಣ್ಣ ಮೇಲೂ ಕೆಳಗೂ ಹೆಚ್ಚುಕಮ್ಮಿ ಒಂದೇ, ನಡುವೆ ಕಂದು ಗೆರೆ ಇದೆ ಅಷ್ಟೇ. ಆ ಗುರಾಣಿ ತಟ್ಟೆ ಹಳದಿ, ಮಧ್ಯದಲ್ಲೊಂದು ಸಣ್ಣ ಗುಬುಟು, ಸುತ್ತ ಸ್ವಲ್ಪ ನೇರಳೆ ಛಾಯೆ. ಫೋಟೋ ಹಾಕಿದೀನಿ, ಮೂರನೇದು ಸ್ವಲ್ಪ ಅಲುಗಿದೆ, ಅತ್ತೆ ಮಾತಾಡ್ಸಿದ್ದು ಆಗ್ಲೇ.

ಚುಕ್ಕೆ ಲೆಕ್ಕ ಮಾಡೋಕೆ ಹೋದೆ, ಸಾಲಾಗಿವೆ ಸರ್! ಎಲ್ಲೆಲ್ಲೋ ಚೆಲ್ಲಿದಂಗಿಲ್ಲ, ನರಗಳ ಮೇಲೇ ಒಂದರ ಹಿಂದೆ ಒಂದು, ರಂಗೋಲಿ ಚುಕ್ಕೆ ಇಟ್ಟಂಗೆ.

ಕಾಫಿ ನೆರಳು, ಮಡಿಕೇರಿ:

ಇಷ್ಟು ಚೆನ್ನಾಗಿ ನೋಡಿ ಹೇಳೋವ್ರು ಸಿಕ್ಕಿದ್ರೆ ನಮ್ಮ ಕೆಲಸ ಅರ್ಧ ಆದಂಗೆ.

ನನ್ನ ಲೆಕ್ಕ ಹೀಗೆ. ಹಸಿರು ಎಲೆ, ವಾರ್ನಿಶ್ ಮಿಂಚು, ಒಂದು ಕಡ್ಡಿಗೆ ಒಂದೇ ಹೂ, ಚಳಿಗಾಲ, ಇಷ್ಟಕ್ಕೆ ಇನ್ಸಿಗ್ನೆ, ವಿಲ್ಲೋಸಮ್, ಸ್ಪೈಸಿರಿಯಾನಮ್ ಈ ಮೂರರ ಸುತ್ತಮುತ್ತದ್ದು ಅನ್ನೋದು ಗೊತ್ತಾಯ್ತು. ಬಿಳಿ, ನಡುಗೆರೆ, ಬುಡದ ಮಡಚು ನೋಡಿದ್ರೆ ಸ್ಪೈಸಿರಿಯಾನಮ್ ಒಂದು ಕಡೆ ಇದ್ದೇ ಇದೆ. ಪ್ರಶ್ನೆ ಏನಂದ್ರೆ ಇನ್ನೊಂದು ಕಡೆ ಯಾರು. ವಿಲ್ಲೋಸಮ್ ಆಗಿದ್ರೆ ಅದು ಲ್ಯಾಥಾಮಿಯಾನಮ್, ಇನ್ಸಿಗ್ನೆ ಆಗಿದ್ರೆ ಲೀಯಾನಮ್.

ವಿಲ್ಲೋಸಮ್ ಬೆರೆತಿದ್ರೆ ಪಕ್ಕದ ಎಸಳು ನೋಡಿದ ತಕ್ಷಣ ಗೊತ್ತಾಗ್ತದೆ. ನಡುಗೆರೆಯಿಂದ ಮೇಲಿನರ್ಧ ಗಾಢ ಕಂದು, ಕೆಳಗಿನರ್ಧ ತೆಳು ಹಳದಿ, ಎರಡು ಬೇರೆ ಬಟ್ಟೆ ಜೋಡಿಸಿ ಹೊಲಿದಂಗೆ. ಕಡ್ಡಿ ಮೇಲೆ ಕೂದಲೂ ಉದ್ದುದ್ದ, ಟಾರ್ಚ್ ಬೇಕಾಗಿಯೇ ಇಲ್ಲ, ಆ ಹೆಸರಿನ ಅರ್ಥವೇ ರೋಮದ್ದು. ಅಲ್ದೆ ಸ್ಪೈಸಿರಿಯಾನಮ್‌ಗೂ ವಿಲ್ಲೋಸಮ್‌ಗೂ ಡಾರ್ಸಲ್ ಮೇಲೆ ಹೀಗೆ ಚುಕ್ಕೆ ಇಡೋ ಅಭ್ಯಾಸ ಇಲ್ಲ. ಚುಕ್ಕೆ ತಂದುಕೊಟ್ಟದ್ದು ಇನ್ಸಿಗ್ನೆಯೇ. ಇನ್ಸಿಗ್ನೆಯ ದಪ್ಪ ಮಚ್ಚೆ ಸ್ಪೈಸಿರಿಯಾನಮ್‌ನ ಬಿಳಿ ಮೇಲೆ ಬಂದಾಗ ಒಡೆದು ಸಣ್ಣ ಚುಕ್ಕೆಸಾಲು ಆಗ್ತದೆ. ಹಳದಿ ತಟ್ಟೆ, ಗುಬುಟು ಇನ್ಸಿಗ್ನೆ ಕಡೆಯಿಂದ, ನೇರಳೆ ಛಾಯೆ ಸ್ಪೈಸಿರಿಯಾನಮ್ ಕಡೆಯಿಂದ ಅಂತ ಹೇಳ್ಬಹುದು.

ನನ್ನ ಓಟು ಲೀಯಾನಮ್‌ಗೆ. 1884ರಿಂದ ಇರೋ ಹಳೇ ಹೈಬ್ರಿಡ್ಡು, ಗಟ್ಟಿ ಜೀವ, ಬುಡದಲ್ಲಿ ಬೇಗ ಬೇಗ ಕಂದು, ಅಂದ್ರೆ ಮರಿಗಿಡ, ಹಾಕ್ತದೆ, ಅದಕ್ಕೇ ಕೈಯಿಂದ ಕೈಗೆ ಹಂಚಿ ಹಂಚಿ ಹೆಸರು ಕಳ್ಕೊಂಡಿರೋದು. ‘ಇನ್ಸಿಗ್ನೆ’ ಅಂತ ಲೇಬಲ್ ಹಾಕಿ ನನಗೆ ಬಂದ ಗಿಡಗಳಲ್ಲೇ ಎರಡು ಹೂ ಬಿಟ್ಟಾಗ ಲೀಯಾನಮ್ ಆಗಿದ್ವು. ಬೆಂಗಳೂರಿನವ್ರು ಇನ್ಸಿಗ್ನೆ ಅಂದದ್ದರಲ್ಲಿ ಅರ್ಧ ಸತ್ಯ ಇತ್ತು ಅಂತ ಈಗ ಒಪ್ಕೋತೇನೆ.

ಬಾಲ್ಕನಿ ತೋಟ, ಬೆಂಗ್ಳೂರು:

ಅರ್ಧ ಮಾರ್ಕ್ಸ್ ಸಿಕ್ತಲ್ಲ, ಸಾಕು 😄 ನಡುಗೆರೆ ನಾನೂ ನೋಡಿದ್ದೆ, ತಲೇಲಿ ಇನ್ಸಿಗ್ನೆ ಅಂತ ಕೂತ್ಮೇಲೆ ಕಣ್ಣು ಅದನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅಕ್ಕ, ಹಂಗಾದ್ರೆ ಲೀಯಾನಮ್ ಅಂತ ಹೊಸ ಲೇಬಲ್ ಬರೆದು ಚುಚ್ಚಿ ಬಿಡಿ, ಕೇಸ್ ಕ್ಲೋಸ್.

ಧಾರವಾಡ ಪೇಡೆ:

ಸ್ವಲ್ಪ ತಡೀರಿ, ಹಂಗ ಬರೀಬ್ಯಾಡ್ರಿ. ನಾ ಬಾಟನಿ ಓದಿದಾಕಿ, ಅದಕ್ಕ ಈ ವಿಷಯದಾಗ ಸ್ವಲ್ಪ ಜಗಳಗಂಟಿ ಅಂತ ತಿಳ್ಕೊಳ್ರಿ.

ಮಡಿಕೇರಿ ಸರ್ ಹೇಳಿದ್ದು ಎಲ್ಲಾ ಖರೆ ಐತಿ, ಹೂ ಲೀಯಾನಮ್ ಥರಾನ ಐತಿ. ಆದ್ರ ‘ಥರಾ ಐತಿ’ ಅನ್ನೂದು ಬ್ಯಾರೆ, ‘ಅದ’ ಅನ್ನೂದು ಬ್ಯಾರೆ. ಆರ್ಕಿಡ್ ಹೈಬ್ರಿಡ್ ಹೆಸರು ಹೂವಿನ ರೂಪಕ್ಕ ಕೊಟ್ಟಿದ್ದಲ್ರೀ, ತಂದಿ-ತಾಯಿಗೆ ಕೊಟ್ಟಿದ್ದು. ಇಂಥಾ ಎರಡು ಗಿಡ ಕೂಡಿಸಿದ್ವಿ ಅಂತ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ದಪ್ತರದಾಗ ಬರಸ್ತಾರ, ಆ ಜೋಡಿಯಿಂದ ಹುಟ್ಟಿದ ಮಕ್ಕಳಿಗೆಲ್ಲಾ ಒಂದ ಹೆಸರು, ಯಾವುದು ತಾಯಿ ಯಾವುದು ತಂದಿ ಅನ್ನೂದೂ ಲೆಕ್ಕಕ್ಕಿಲ್ಲ. ಒಂದ ಕಾಯಿಯಿಂದ ಬಂದ ಅಣ್ಣತಮ್ಮ ಗಿಡಗಳ ಹೂ ಸೈತ ಒಂದಕ್ಕೊಂದು ಬ್ಯಾರೆ ಇರ್ತಾವ. ಹಿಂಗಾಗಿ ಹೂ ನೋಡಿ ‘ಇದು ಅಲ್ಲ’ ಅಂತ ಗಟ್ಟಿಯಾಗಿ ಹೇಳಬಹುದು, ಮಾಡಿಯೇ ವಿಷಯದಾಗ ಹೇಳಿದ್ರಲ್ಲ ಹಂಗ. ‘ಇದ ಇದು’ ಅನ್ನಾಕ ಅಷ್ಟು ಬಲ ಸಿಗೂದಿಲ್ಲ.

ಇನ್ನೊಂದು, ಇದೇ ಇನ್ಸಿಗ್ನೆ, ಸ್ಪೈಸಿರಿಯಾನಮ್, ವಿಲ್ಲೋಸಮ್ ಮೂರನ್ನೂ ಬೆರಸಿ ಬೆರಸಿ ಆ ದಪ್ಪ ದುಂಡು ಹೂವಿನ ಹೈಬ್ರಿಡ್ ಮಾಡ್ಯಾರಲ್ಲ, ಬುಲ್‌ಡಾಗ್ ಅಂತಾರ ನೋಡ್ರಿ, ಅವುಗಳ ಹಳೇ ತಲಿಮಾರಿನದೊಂದು ಗಿಡಾನೂ ಹಿಂಗ ಕಾಣಬಹುದು. ಒಂಬತ್ತೂವರೆ ಸೆಂಟಿಮೀಟರ್ ಅಂದ್ರ ಸಣ್ಣ ಹೂ, ಎಸಳೂ ದುಂಡಗಿಲ್ಲ, ಅದಕ್ಕ ನನಗೂ ಲೀಯಾನಮ್ ಮ್ಯಾಲೆ ಹೆಚ್ಚು ನಂಬಿಕಿ ಐತಿ. ಆದ್ರ ಲೇಬಲ್ ಮ್ಯಾಲೆ ‘ಬಹುಶಃ’ ಅಂತ ಒಂದು ಶಬ್ದ ಹಾಕಿದ್ರ ಏನ್ ಗಂಟು ಹೋಗ್ತೈತ್ರಿ?

ಮತ್ತ ಹಳೇ ಲೇಬಲ್ ಒಗೀಬ್ಯಾಡ್ರಿ. ತಪ್ಪು ಲೇಬಲ್ಲೂ ಗಿಡ ಎಲ್ಲಿಂದ ಬಂತು ಅನ್ನೂದಕ್ಕ ಸಾಕ್ಷಿ. 1964ರಾಗ ತಾಯ್ಲೆಂಡಿಂದ ಜರ್ಮನಿಗೆ ಕ್ಯಾಲೋಸಮ್ ಅಂತ ಗಿಡ ಬಂದಿದ್ವು, ಅದರಾಗ ಕೆಲವು ಹೂ ಬಿಟ್ಟಾಗ ಎಸಳು ತುಂಬಾ ಕಪ್ಪು ಚುಕ್ಕಿ, ಚಪ್ಪಟಿ, ಅಗಲ. ಯಾರೂ ಕಂಡಿರದ ಹೊಸಾ ಜಾತಿ! ಅದ ಈಗಿನ ಸುಖಕುಲಿಯೈ. ಎಲಿ ನೋಡಿದ್ರ ಕ್ಯಾಲೋಸಮ್‌ಗೂ ಅದಕ್ಕೂ ಫರಕು ತಿಳಿಯೂದಿಲ್ಲ. ಯಾವ ಮಾಲಿನ ಜೊತಿ ಬಂತು ಅನ್ನೂದು ಗೊತ್ತಿತ್ತು, ಅದಕ್ಕ ಯಾವ ದೇಶದ್ದು ಅಂತ ಹುಡುಕಾಕ ದಾರಿ ಸಿಕ್ತು.

ಬಾಲ್ಕನಿ ತೋಟ, ಬೆಂಗ್ಳೂರು:

ಮೇಡಂ, ಕಥೆ ಚೆನ್ನಾಗಿದೆ, ಆದ್ರೆ ಶಿರಸಿ ಅಕ್ಕ ಹೊಸ ಜಾತಿ ಹುಡುಕ್ತಿಲ್ಲ, ಅವ್ರ ಹಿತ್ಲಲ್ಲಿ ಇರೋ ಒಂದು ಗಿಡಕ್ಕೆ ಹೆಸರು ಬೇಕು. ಮನೇಲಿ ಇಟ್ಕೊಳ್ಳೋಕೆ ಇಷ್ಟು ಕೋರ್ಟು ಕಚೇರಿ ಯಾಕೆ?

ಧಾರವಾಡ ಪೇಡೆ:

ಮನ್ಯಾಗ ಇಟ್ಕೊಂಡ್ರ ‘ಗುಂಡಮ್ಮ’ ಅಂತ ಕರೀರಿ, ಯಾರು ಬ್ಯಾಡ ಅಂತಾರ. ಮುಂದಿನ ವರ್ಷ ಕಂದು ಬರ್ತಾವ, ಅಕ್ಕಾರು ಒಂದು ನಿಮಗ ಕೊಡ್ತಾರ, ನೀವು ಇನ್ನೊಬ್ರಿಗೆ ಕೊಡ್ತೀರಿ. ಅಷ್ಟೊತ್ತಿಗೆ ‘ಬಹುಶಃ’ ಹೋಗಿ ಬರೀ ಲೀಯಾನಮ್ ಉಳೀತೈತಿ. ಆಮ್ಯಾಲ ಯಾರೋ ಅದನ್ನ ಬ್ಯಾರೆದರ ಜೊತಿ ಕೂಡಿಸಿ ಹೊಸಾ ಹೆಸರು ಬರಸ್ತಾರ. ಮಾಡಿಯೇ ಲೇಬಲ್ಲೂ ಹಿಂಗ ಎಲ್ಲೋ ಶುರು ಆಗಿರಬೇಕಲ್ರೀ?

ಕಾಫಿ ನೆರಳು, ಮಡಿಕೇರಿ:

ಧಾರವಾಡದವ್ರ ಮಾತಿಗೆ ನನ್ನ ತಲೆ ಬಾಗಿತು, ಯಾಕಂದ್ರೆ ನಾನೇ ಇಂಥ ತಪ್ಪು ಮಾಡಿದವ. ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಮೂವತ್ತು ನಲವತ್ತು ಕುಂಡ ಒಂದೇ ದಿನ ಬದಲಿಸ್ಲಿಕ್ಕೆ ಕೂತೆ. ಲೇಬಲ್ಲುಗಳನ್ನೆಲ್ಲ ಕಿತ್ತು ಒಂದು ಸ್ಟೀಲ್ ತಟ್ಟೆಲಿ ಗಿಡದ ಕ್ರಮಕ್ಕೇ ಜೋಡಿಸಿಟ್ಟಿದ್ದೆ. ಕಾಫಿ ಕುಡಿಯೋಕೆ ಒಳಗೆ ಹೋದಾಗ ಮೊಮ್ಮಗ ಬಂದು ಆ ತಟ್ಟೆಯಿಂದ ರೈಲು ಮಾಡಿ ಆಟ ಆಡಿದ್ದಾನೆ. ಹೂ ಬಿಡೋವರೆಗೆ ನನಗೆ ಗೊತ್ತೇ ಆಗ್ಲಿಲ್ಲ, ಅಷ್ಟರಲ್ಲಿ ನಾಲ್ಕು ಗಿಡ ಸ್ನೇಹಿತರಿಗೆ ಹೋಗಿ ಆಗಿತ್ತು. ಅವರ ಪಾಲಿಗೆ ಆ ಮೋಸ ಮಾಡಿದ ನರ್ಸರಿಯವ ನಾನೇ.

ಲೇಬಲ್ ಬಗ್ಗೆ ಒಂದು ಮಾತು. ‘ಪರ್ಮನೆಂಟ್’ ಮಾರ್ಕರ್ ಅನ್ನೋದನ್ನ ಮಲೆನಾಡಿನವ್ರು, ಕೊಡಗಿನವ್ರು ನಂಬಬಾರದು, ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ್ರೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಮಾತ್ರ ಉಳೀತದೆ. ಸೀಸದ ಪೆನ್ಸಿಲ್ ಅದಕ್ಕಿಂತ ಎಷ್ಟೋ ಮೇಲು. ನಾನೀಗ ತಂಪು ಪಾನೀಯದ ಅಲ್ಯುಮಿನಿಯಂ ಕ್ಯಾನ್ ಕತ್ತರಿಸಿ, ಇಂಕ್ ಖಾಲಿಯಾದ ಬಾಲ್‌ಪೆನ್ನಲ್ಲಿ ಒತ್ತಿ ಗೀಚಿ, ತಂತಿಲಿ ಗಿಡಕ್ಕೇ ಸುತ್ತಿ ಬಿಡ್ತೇನೆ. ಕುಂಡಕ್ಕೆ ಚುಚ್ಚಿದ್ರೆ ಕೋಳಿ ಕೆದರಿ ಹಾಕ್ತದೆ. ಅಂಚು ಕೈ ಕುಯ್ತದೆ, ಮಡಚಿ ಹಾಕಿ.

ಹೊಸಬ, ಪುತ್ತೂರು:

ಮೊದಲ ಸಲ ಬಿಟ್ಟ ಹೂವನ್ನ ನಂಬ್ಬಹುದಾ ಸರ್? ನನ್ನ ಡೆಂಡ್ರೋಬಿಯಂ ಮೊದಲ ಸಲ ಒಂದು ಥರ, ಆಮೇಲೆ ಇನ್ನೊಂದು ಥರ ಬಿಟ್ಟಿತ್ತು.

ಕಾಫಿ ನೆರಳು, ಮಡಿಕೇರಿ:

ಒಳ್ಳೆ ಪ್ರಶ್ನೆ. ಮೊದಲ ಹೂ ಚಿಕ್ಕದಿರಬಹುದು, ಡಾರ್ಸಲ್ ಸ್ವಲ್ಪ ಸೊಟ್ಟ ಇರಬಹುದು, ಬಣ್ಣ ತೆಳು ಇರಬಹುದು. ನಡುಗೆರೆ ಇರೋದು, ಕೂದಲಿನ ಉದ್ದ, ತಟ್ಟೆಯ ಆಕಾರ ಅಷ್ಟಾಗಿ ಬದಲಾಗೋದಿಲ್ಲ. ಆದ್ರೂ ಮುಂದಿನ ಚಳಿಗಾಲದಲ್ಲಿ ಇನ್ನೊಮ್ಮೆ ನೋಡೋದು ಒಳ್ಳೇದು. ಮೇಡಂ, ಈಗ ಹೂ ಬಿಟ್ಟ ಕಂದಿನಲ್ಲಿ ಮತ್ತೆ ಹೂ ಬರೋದಿಲ್ಲ, ಪಕ್ಕದಲ್ಲಿ ಬರೋ ಹೊಸ ಕಂದಿಗೇ ಬರಬೇಕು, ಹಾಗಂತ ಹಳೇದನ್ನ ಕತ್ತರಿಸ್ಬೇಡಿ, ಹೊಸದಕ್ಕೆ ಅನ್ನ ಹಾಕೋದು ಅದೇ.

ಶಿರಸಿ ಹಿತ್ತಿಲು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಜಗಳ ಆಡಿದ್ದಕ್ಕೂ ಸೇರ್ಸಿ.

ಮಾರಿದವ್ರಿಗೆ ಫೋಟೋ ಕಳಿಸಿದ್ದೆ. ‘ಸಾರಿ ಮೇಡಂ, ಲಾಟಲ್ಲಿ ಮಿಕ್ಸ್ ಆಗಿದೆ, ಬೇರೆ ಗಿಡ ಕಳಿಸ್ತೀವಿ’ ಅಂದ್ರು. ಬರ್ಲಿ, ಬಂದ್ಮೇಲೆ ಎಲೆ ಮೇಲೆ ಮಚ್ಚೆ ಇದೆಯಾ ಅಂತ ಮೊದ್ಲು ನೋಡಿಯೇ ಬಾಕ್ಸ್ ಬಿಚ್ಚಿದ ವಿಡಿಯೋ ಮಾಡೋದು. ಇದನ್ನಂತೂ ವಾಪಸ್ ಕೊಡಲ್ಲ. ನಿನ್ನೆ ಮಜ್ಜಿಗೆ ಕಡೆಯೋವಾಗ ಕಿಟಕಿಯಿಂದ ನೋಡ್ತಾ ಇದ್ದೆ, ಆ ಬಿಳಿ ಮೇಲೆ ಬೆಳಿಗ್ಗೆ ಬಿಸಿಲು ಹಿಂದಿಂದ ಬಿದ್ದಾಗ ನೇರಳೆ ಗೆರೆ ಒಳಗೆ ದೀಪ ಹಚ್ಚಿದಂಗೆ ಕಾಣ್ತಿತ್ತು, ಗೆರೆ ಶರ್ಟಿನ ಹೂ ಇದರ ಮುಂದೆ ಸ್ವಲ್ಪ ಸಪ್ಪೆ ಅನ್ನಿಸ್ತು ಅಂತ ಇಲ್ಲಿ ಮಾತ್ರ ಹೇಳ್ತಿದೀನಿ, ಮನೇಲಿ ಹೇಳಿಲ್ಲ.

ಲೇಬಲ್ ಬರೆದಾಯ್ತು. ಕ್ಯಾನ್ ಸಿಗ್ಲಿಲ್ಲ, ಎಜಮಾನ್ರ ಹಳೇ ಶೇವಿಂಗ್ ಕ್ರೀಮ್ ಟ್ಯೂಬ್ ಬಿಡಿಸಿ ಅದ್ರ ಮೇಲೆ ಗೀಚಿದೆ: ‘ಪ್ಯಾಫ್ ಹೈಬ್ರಿಡ್, ಬಹುಶಃ ಲೀಯಾನಮ್, ಮಾಡಿಯೇ ಅಂತ ಬಂದದ್ದು’. ಜಾಗ ಸಾಲದೆ ‘ಬಂದದ್ದು’ ಹಿಂದಿನ ಪುಟಕ್ಕೆ ಹೋಯ್ತು. ಹಳೇ ಲೇಬಲ್ಲೂ ಅದ್ರ ಜೊತೆಗೇ ಕಟ್ಟಿದೀನಿ.

ಒಂದೇ ಒಂದು ಪ್ರಶ್ನೆ ಉಳೀತು. ಅದೇ ಪಾರ್ಸೆಲ್ಲಲ್ಲಿ ಬಂದ ಇನ್ನೊಂದು ಗಿಡದ ಲೇಬಲ್ ‘ವೆನಸ್ಟಮ್’. ನಿಮ್ಮ ಮಾತೆಲ್ಲ ಓದಿ ಇವತ್ತು ಹೋಗಿ ನೋಡಿದೆ, ಎಲೆ ಮೇಲೆ ಮಚ್ಚೆ ಇದೆ, ಅಡಿ ನೇರಳೆ. ಮೊಗ್ಗು ಕಡಲೆಕಾಳಿನಷ್ಟಾಗಿದೆ. ನಂಬ್ಬಹುದಾ?

ಧಾರವಾಡ ಪೇಡೆ:

ಎಲಿ ಹೊಂದತೈತಿ, ಆದ್ರ ಎಲಿ ಮಾತು ಕೇಳಿ ಜರ್ಮನಿಯವ್ರಿಗೆ ಏನಾತು ಅಂತ ಹೇಳೀನಲ್ರೀ 😀 ಅರಳಿದ ಮ್ಯಾಲೆ ಚಪ್ಪಲಿ ನೋಡ್ರಿ. ಹಳದಿ ಮ್ಯಾಲೆ ಹಸಿರು ನರ ಬಲಿ ಹೆಣದಂಗ, ಮಿದುಳಿನ ಚಿತ್ರದಾಗ ಇರ್ತೈತಲ್ಲ ಹಂಗ ಕಂಡ್ರ ವೆನಸ್ಟಮ್ ರಕ್ತ ಐತಿ ಅಂತ ತಿಳೀರಿ. ಕಾಣಲಿಲ್ಲಂದ್ರ ಟಾರ್ಚ್ ತಗೊಂಡು ಇಲ್ಲೇ ಬರ್ರಿ.